ಬೀಗ ನಮ್ಮದು, ಬೀಗದ ಕೈ ಯಾರದು?

(ಮಂಡಕಳ್ಳಿಯಲ್ಲಿ ನಡೆದ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)





ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ನಾಲ್ಕು ಮಾತಾಡಿ ಎಂದು ಸಂಘದವರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವವಳು. ಈ ಊರಿನಲ್ಲಿ ಇನ್ಫೋಸಿಸ್‌ನಂತಹ ಸಂಸ್ಥೆಯ ದೊಡ್ಡ ಕ್ಯಾಂಪಸ್ಸೇ ಇರುವಾಗ ಅಲ್ಲಿಂದ ಒಬ್ಬರನ್ನು ಕರೆಸಬಾರದೇ ಎಂದೆ. ಕಾರ್ಯದರ್ಶಿಯವರು ನಕ್ಕು, "ಅವರು ನಮಗೆ ತಿಳಿಯದ್ದನ್ನು ಹೇಳುತ್ತಾರೆ ಮೇಡಂ. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ನಿಮಗೆ ಏನಾಯಿತೋ ಅದನ್ನು ಹೇಳಿ, ಸಾಕು" ಎಂದರು. ಆದದ್ದು ಹೇಳಿಕೊಳ್ಳುವಂಥದ್ದಲ್ಲ. ತಪ್ಪು ನನ್ನದೇ. ಆದರೂ ನಿಮ್ಮಲ್ಲಿ ಅನೇಕರು ಈಗ ಅದೇ ತಪ್ಪನ್ನು ಮಾಡುತ್ತಿರಬಹುದು ಎಂಬ ಅನುಮಾನದಿಂದ ಹೇಳುತ್ತಿದ್ದೇನೆ.

ಹಿಂದೆ ನಾನು ಬೇರೊಂದು ತಾಲ್ಲೂಕಿನ ಶಾಲೆಯಲ್ಲಿದ್ದೆ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು. ಎಂಟು ಮಕ್ಕಳ ಅರ್ಜಿ ಉಳಿದುಬಿಟ್ಟಿತ್ತು. ಒಬ್ಬಳ ಮನೆಯಲ್ಲಿ ಇರುವುದು ಒಂದೇ ಫೋನು, ಅದು ಲಾರಿ ಓಡಿಸುವ ತಂದೆಯ ಜೇಬಿನಲ್ಲಿ, ತಂದೆ ಕೇರಳದ ದಾರಿಯಲ್ಲಿ. ಇನ್ನೊಬ್ಬನ ತಾಯಿಗೆ ಫೋನ್ ಇತ್ತು, ಕರೆನ್ಸಿ ಇರಲಿಲ್ಲ. ಓಟಿಪಿ ಬಂದು ಕೆಲವೇ ನಿಮಿಷದಲ್ಲಿ ಸತ್ತುಹೋಗುವ ವಸ್ತು. ನಾನು ಏನು ಮಾಡಿದೆ ಗೊತ್ತೇ? ಎಂಟೂ ಮಕ್ಕಳ ಖಾತೆಗೆ ನನ್ನ ಮೊಬೈಲ್ ನಂಬರನ್ನೇ ಕೊಟ್ಟೆ. ಪಾಸ್‌ವರ್ಡ್ ಕೂಡ ಎಲ್ಲರಿಗೂ ಒಂದೇ ಮಾದರಿ: ಮಗುವಿನ ಹೆಸರು, ಒಂದು ಅಟ್ ಚಿಹ್ನೆ, ಒಂದು ಎರಡು ಮೂರು. ರಾತ್ರಿ ಹನ್ನೊಂದಕ್ಕೆ ಎಲ್ಲ ಮುಗಿಸಿ, ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷದಲ್ಲಿ ಮಲಗಿದೆ. ಆ ವರ್ಷ ಎಂಟು ಮಕ್ಕಳಿಗೂ ಹಣ ಬಂತು.

ಆಮೇಲೆ ನನಗೆ ಮೈಸೂರು ಕಡೆ ಬರುವುದಾಯಿತು. ಹೊಸ ಊರಿನಲ್ಲಿ ಆ ಕಂಪನಿಯ ಸಿಗ್ನಲ್ ಸರಿಯಿಲ್ಲವೆಂದು ಬೇರೆ ಸಿಮ್ ಕೊಂಡೆ. ಹಳೆಯದಕ್ಕೆ ರೀಚಾರ್ಜ್ ಮಾಡುವುದನ್ನು ಬಿಟ್ಟೆ. ಮರುವರ್ಷ ಅರ್ಜಿ ನವೀಕರಿಸುವ ಸಮಯಕ್ಕೆ ಹಳೆಯ ಶಾಲೆಯಿಂದ ಫೋನ್ ಬಂತು: "ಮಿಸ್, ಪಾಸ್‌ವರ್ಡ್ ತಗೊಳ್ತಾ ಇಲ್ಲ. ಮರೆತಿದ್ದೇವೆ ಅಂತ ಒತ್ತಿದರೆ ಓಟಿಪಿ ನಿಮ್ಮ ನಂಬರಿಗೆ ಹೋಗ್ತಾ ಇದೆ."

ನನ್ನ ಹಳೆಯ ನಂಬರಿಗೆ ನಾನೇ ಕರೆ ಮಾಡಿದೆ. ಯಾರೋ ಗಂಡಸರು ಎತ್ತಿಕೊಂಡರು. ಮಾತಿನ ಧಾಟಿಯಲ್ಲಿ ಉತ್ತರ ಕರ್ನಾಟಕದವರು. ನಾನು ಬಹಳ ವಿನಯದಿಂದ, "ಅಣ್ಣಾ, ನಾನೊಬ್ಬ ಟೀಚರ್, ಇದು ಮೊದಲು ನನ್ನ ನಂಬರು, ಬಡ ಮಕ್ಕಳ ಸ್ಕಾಲರ್‌ಶಿಪ್ ವಿಷಯ, ಈಗ ಒಂದು ಓಟಿಪಿ ಬರುತ್ತದೆ, ದಯವಿಟ್ಟು ಓದಿ ಹೇಳಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಹೇಳ್ಯಾರ್ರಿ ಮೇಡಂ" ಎಂದು ಫೋನ್ ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಆ ಹೊತ್ತಿನಲ್ಲಿ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಹೇಳಲಾರೆ. ಎರಡು ದಿನ ಕಳೆದ ಮೇಲೆ ಹೊಳೆಯಿತು. ಟೀಚರ್ ಎನ್ನುವುದು, ಬಡ ಮಕ್ಕಳು ಎನ್ನುವುದು, ಒಂದೇ ಒಂದು ಸಲ ಎನ್ನುವುದು, ಮೋಸಗಾರರು ಆಡುವ ಮಾತುಗಳನ್ನೇ ನಾನು ಆಡಿದ್ದೆ. ಆ ಮನುಷ್ಯ ಮಾಡಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಕುಳಿತಿರುವ ನೀವೂ ಹಾಗೆಯೇ ಮಾಡಬೇಕು, ಕೇಳುವವಳು ನಾನೇ ಆಗಿದ್ದರೂ.

ಇಲಾಖೆಗೆ ಪತ್ರ ಬರೆದು, ಅಲೆದಾಡಿ, ಐದು ಮಕ್ಕಳ ನಂಬರು ಬದಲಾಯಿಸಿದ್ದಾಯಿತು. ಉಳಿದ ಮೂವರದು ಗಡುವಿನೊಳಗೆ ಆಗಲಿಲ್ಲ. ಅವರಲ್ಲಿ ಆ ಲಾರಿ ಚಾಲಕರ ಮಗಳೂ ಒಬ್ಬಳು. ಒಂದು ವರ್ಷದ ಹಣ ಹೋಯಿತು. ಅವಳ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ನಂಬರು ಹೀಗೆ ಕೈ ಬದಲಾಗುವುದು ಯಾರ ಕುತಂತ್ರವೂ ಅಲ್ಲ, ಅದು ನಿಯಮ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಯಾವುದಕ್ಕೂ ಬಳಸದೆ ಬಿಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು. ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ, ಆಮೇಲೆ ಕೊಡುತ್ತಾರೆ. 2023ರ ನವೆಂಬರಿನಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಹಳೆಯ ನಂಬರಿಗೆ ಅಂಟಿಕೊಂಡ ವಾಟ್ಸಪ್ ಮುಂತಾದ ಮಾಹಿತಿಯನ್ನು ತೆಗೆದುಹಾಕಿಕೊಳ್ಳುವ ಹೊಣೆ ಗ್ರಾಹಕರದೇ ಎಂದು ನ್ಯಾಯಾಲಯ ಹೇಳಿತು. ಅಂದರೆ ನೀವು ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ. ನಿಮ್ಮ ಪೆಟ್ಟಿಗೆ ಅಲ್ಲೇ ಬಿಟ್ಟು ಬಂದರೆ ಮುಂದಿನ ಬಾಡಿಗೆದಾರರದು ತಪ್ಪಲ್ಲ.

ಈಗ ಪಾಸ್‌ವರ್ಡಿಗೆ ಬರುತ್ತೇನೆ. ಒಂದು ದೊಡ್ಡಕ್ಷರ, ಒಂದು ಚಿಕ್ಕಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು ಎಂದು ಪರದೆ ಕೆಂಪಗಾಗಿ ಗದರಿಸುವುದು ನಿಮಗೆಲ್ಲ ಗೊತ್ತು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಫರ್ನಾಂಡೋ ಕೊರ್ಬಟೋ ಮತ್ತು ಸಂಗಡಿಗರು ಕಟ್ಟಿದ್ದರು. ಒಬ್ಬರದನ್ನು ಇನ್ನೊಬ್ಬರು ನೋಡದಿರಲಿ ಎಂದು ಪಾಸ್‌ವರ್ಡ್ ಇಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನ್ನ ಪಾಲಿನ ವಾರಕ್ಕೆ 4 ಗಂಟೆ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೇ ಮುದ್ರಿಸಿಕೊಂಡು ಬೇರೆಯವರ ಪಾಲಿನಲ್ಲಿ ಕೆಲಸ ಮಾಡಿದ. ಹಿಂದಿನ ಬೆಂಚಿನವರು ನಗುವುದನ್ನು ನಾನು ನೋಡುತ್ತಿದ್ದೇನೆ. ನಗಿ, ಆದರೆ ಗಮನಿಸಿ. ಆ ಪಾಸ್‌ವರ್ಡುಗಳು ಎಷ್ಟು ಕಠಿಣವಾಗಿದ್ದವು ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ, ಪಟ್ಟಿ ಎಲ್ಲಿತ್ತು ಎಂಬುದಷ್ಟೇ ಬಂತು.

ಅಂಕಿ ಬೇಕು, ಚಿಹ್ನೆ ಬೇಕು ಎಂಬ ನಿಯಮವನ್ನು ಜಗತ್ತಿಗೆ ಹರಡಿದ್ದು ಅಮೆರಿಕದ ಎನ್ಐಎಸ್‌ಟಿ ಎಂಬ ಸರ್ಕಾರಿ ಸಂಸ್ಥೆ 2003ರಲ್ಲಿ ಹೊರಡಿಸಿದ ಸೂಚನೆಗಳು. ಅವುಗಳನ್ನು ಬರೆದ ಬಿಲ್ ಬರ್ ಎಂಬವರು 2017ರಲ್ಲಿ, ತಾವು ಬರೆದದ್ದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪವಿದೆ ಎಂದರು. ಜನ ಏನು ಮಾಡಿದರೆಂದರೆ, ಹೆಸರಿನ ಮೊದಲಕ್ಷರ ದೊಡ್ಡದು ಮಾಡಿ ಕೊನೆಗೆ ಒಂದು ಎರಡು ಮೂರು ಸೇರಿಸಿದರು. ನಾನೂ ಅದನ್ನೇ ಮಾಡಿದ್ದೆ, ಬಿಲ್ ಬರ್ ಯಾರೆಂದು ತಿಳಿಯದೆ. ಕಳ್ಳರಿಗೂ ಈ ಅಭ್ಯಾಸ ಚೆನ್ನಾಗಿ ಗೊತ್ತು. ಅದೇ 2017ರಲ್ಲಿ ಆ ಸಂಸ್ಥೆ ನಿಯಮವನ್ನು ಬದಲಾಯಿಸಿತು. ಉದ್ದವಾಗಿರಲಿ, ಸುಮ್ಮಸುಮ್ಮನೆ ಆಗಾಗ ಬದಲಿಸುವುದು ಬೇಡ ಎಂದಿತು. ಆದರೆ ನಮ್ಮ ಅರ್ಜಿ ತಾಣಗಳಲ್ಲಿ ಹಳೆಯ ಗದರಿಕೆ ಇನ್ನೂ ನಡೆದಿದೆ. ಸಿಕ್ಕಿದ ಜಾಗದಲ್ಲಿ ನಾಲ್ಕೈದು ಪದ ಸೇರಿಸಿ ಉದ್ದ ಮಾಡಿ. ನಿಮ್ಮ ಅಜ್ಜಿ ಮಾತ್ರ ಆಡುವ ದಖನಿ ಮಾತೊಂದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಬಹಳ ಒಳ್ಳೆಯದು. ಯಾವ ನಿಘಂಟಿನಲ್ಲೂ ಅದು ಸಿಗುವುದಿಲ್ಲ.

ಪಾಸ್‌ವರ್ಡನ್ನು ಬರೆದಿಡಬಾರದು ಎಂಬ ಉಪದೇಶವನ್ನು ನೀವು ಕೇಳಿರುತ್ತೀರಿ. ಈ ವಿಷಯದಲ್ಲಿ ತಜ್ಞರೇ ಒಮ್ಮತದಲ್ಲಿಲ್ಲ. ಬ್ರೂಸ್ ಷ್ನೈಯರ್ ಎಂಬ ಹೆಸರಾಂತ ಸುರಕ್ಷತಾ ತಜ್ಞರು 2005ರಲ್ಲೇ, ಬರೆದಿಡಿ, ಬರೆದ ಚೀಟಿಯನ್ನು ಹಣದ ಪರ್ಸಿನಲ್ಲಿ ಜೋಪಾನ ಮಾಡಿ ಎಂದಿದ್ದರು. ನನಗೂ ಅದೇ ಸರಿ ಎನಿಸುತ್ತದೆ. ನಮ್ಮ ಮನೆಗಳಲ್ಲಿ ರೇಷನ್ ಕಾರ್ಡು, ಪಾಸ್ ಪುಸ್ತಕ, ಮಕ್ಕಳ ಜನನ ಪತ್ರ ಇಡುವ ಒಂದು ಟ್ರಂಕು ಇದ್ದೇ ಇರುತ್ತದೆ. ಅದರಲ್ಲಿ ಒಂದು ನಲವತ್ತು ಪುಟದ ನೋಟ್ ಬುಕ್ ಇರಲಿ. ಯಾವ ಮಗುವಿನ ಯಾವ ಖಾತೆ, ಅದಕ್ಕೆ ಕೊಟ್ಟ ಮೊಬೈಲ್ ನಂಬರು ಯಾವುದು, ಪಾಸ್‌ವರ್ಡ್ ಏನು ಎಂದು ಬರೆಯಿರಿ. ದೂರದೇಶದ ಕಳ್ಳನ ಕೈ ನಿಮ್ಮ ಟ್ರಂಕಿಗೆ ಎಟುಕುವುದಿಲ್ಲ.

ಎಟುಕುವುದು ಇನ್ನೊಂದು ನೋಟ್ ಬುಕ್ಕಿಗೆ. ಅದು ಸೈಬರ್ ಸೆಂಟರಿನಲ್ಲಿರುತ್ತದೆ. ಅಂಗಡಿಯ ತಮ್ಮ ಒಳ್ಳೆಯವನೇ ಇರಬಹುದು. ನಮ್ಮ ಕೆಲಸ ಬೇಗ ಮುಗಿಸಿಕೊಡಲಿ ಎಂದು ನಾವೇ ನಂಬರು, ಪಾಸ್‌ವರ್ಡ್, ಆಧಾರ್ ಪ್ರತಿ ಎಲ್ಲವನ್ನೂ ಅವನ ಮುಂದೆ ಇಟ್ಟು ಬರುತ್ತೇವೆ. ಜೆರಾಕ್ಸ್ ಸರಿ ಬರದಿದ್ದರೆ ಆ ಹಾಳೆಯನ್ನು ಅಲ್ಲೇ ಬುಟ್ಟಿಗೆ ಹಾಕುತ್ತೇವೆ. ಅಂಗಡಿಯ ಕಂಪ್ಯೂಟರಿನಲ್ಲಿ ಲಾಗಿನ್ ಮಾಡಿ ಹೊರಬರದೆ ಎದ್ದು ಹೋಗುತ್ತೇವೆ. ನಮ್ಮ ದೊಡ್ಡವರು ಅಮಾನತ್ ಎನ್ನುತ್ತಿದ್ದರಲ್ಲ, ಒಬ್ಬರ ವಸ್ತುವನ್ನು ನಂಬಿಕೆಯಿಂದ ಇನ್ನೊಬ್ಬರಲ್ಲಿ ಇಡುವುದು, ಅದಕ್ಕೆ ಒಂದು ಕ್ರಮವಿತ್ತು. ಏನು ಇಟ್ಟೆ, ಯಾರಲ್ಲಿ ಇಟ್ಟೆ, ಯಾವಾಗ ವಾಪಸು ಎಂಬುದು ಇಬ್ಬರಿಗೂ ತಿಳಿದಿರುತ್ತಿತ್ತು. ನನ್ನ ನಂಬರಿನಲ್ಲಿ ಎಂಟು ಮಕ್ಕಳ ಅಮಾನತ್ ಇತ್ತು. ಅದು ನನಗೇ ನೆನಪಿರಲಿಲ್ಲ.

ಹೆಬ್ಬೆಟ್ಟಿನ ಕಥೆ ಇನ್ನೂ ಕಷ್ಟದ್ದು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳನ್ನು ಬದಲಿಸುವುದು ಹೇಗೆ? 2023ರಲ್ಲಿ ನಮ್ಮ ರಾಜ್ಯದಲ್ಲೇ ಅನೇಕರ ಖಾತೆಯಿಂದ ಓಟಿಪಿ ಇಲ್ಲದೆ ಹಣ ಹೋಯಿತು. ನೋಂದಣಿಯಾದ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ಮತ್ತು ಆಧಾರ್ ಸಂಖ್ಯೆಯನ್ನು ನಕಲು ಮಾಡಿ ಈ ಕೃತ್ಯ ನಡೆಸಿದ್ದಾರೆಂದು ಪೊಲೀಸರು ಪ್ರಕರಣ ದಾಖಲಿಸಿ ಆರೋಪಿಗಳನ್ನು ಬಂಧಿಸಿದರು. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇಷ್ಟೇ ಸಾಕು. ಹಳ್ಳಿಯ ಅಜ್ಜಿಗೆ ಪಿಂಚಣಿ ಮನೆಬಾಗಿಲಿಗೆ ಬರಲಿ ಎಂದು ಮಾಡಿದ ಅನುಕೂಲವೇ ಕಳ್ಳರಿಗೂ ಅನುಕೂಲವಾಯಿತು.

ಇದಕ್ಕೆ ಉಪಾಯವಿದೆ. ಆಧಾರ್‌ನ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಇದನ್ನು ಕಲಿತ ಉತ್ಸಾಹದಲ್ಲಿ ನಮ್ಮ ಪಕ್ಕದ ಮನೆಯ ಖಾಲಾಗೆ ನಾನೇ ಬೀಗ ಹಾಕಿಕೊಟ್ಟೆ. ಮುಂದಿನ ತಿಂಗಳು ಅವರು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಎರಡು ಗಂಟೆ ನಿಂತು, ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಅಕ್ಕಿ ಇಲ್ಲದೆ ಬರಿಗೈಯಲ್ಲಿ ಬಂದರು. ಕಳ್ಳನಿಗೆ ಹಾಕಿದ ಬೀಗ ರೇಷನ್ನಿಗೂ ಬಿದ್ದಿತ್ತು. ಸ್ವಲ್ಪ ಹೊತ್ತಿನ ಮಟ್ಟಿಗೆ ಬೀಗ ತೆಗೆಯುವ ಸೌಲಭ್ಯವೂ ಇದೆ. ಆದ್ದರಿಂದ ರೇಷನ್ ದಿನ ಸರದಿ ಹತ್ತಿರ ಬಂದಾಗ ತೆಗೆಯಬೇಕು. ಅದಕ್ಕೂ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಕೈಯಲ್ಲಿರಬೇಕು, ಓಟಿಪಿ ಅದಕ್ಕೇ ಬರುವುದು. ನೋಡಿ, ಎಲ್ಲಿಂದ ಹೊರಟರೂ ಮತ್ತೆ ಆ ಹತ್ತು ಅಂಕಿಗೇ ಬಂದು ನಿಲ್ಲುತ್ತೇವೆ.

ಎಸ್ಎಂಎಸ್ ಓಟಿಪಿಯೇ ದುರ್ಬಲ, ಸಿಮ್ ನಕಲು ಮಾಡಿಸಿ ಕದಿಯಬಹುದು, ಬೇರೆ ಆ್ಯಪ್ ಬಳಸಿ ಎಂದು ಬಲ್ಲವರು ವಾದಿಸುತ್ತಾರೆ. ವಾದ ಸುಳ್ಳಲ್ಲ. ಆದರೆ ಮೂರು ಮಕ್ಕಳಿರುವ ಮನೆಗೆ ಒಂದೇ ಫೋನು, ಅದೂ ಹೊರಗೆ ದುಡಿಯುವವರ ಜೇಬಿನಲ್ಲಿ ಇರುವಾಗ ಈ ಚರ್ಚೆ ನಮ್ಮ ಬಾಗಿಲಿಗೆ ಇನ್ನೂ ಬಂದಿಲ್ಲ. ನಾನು ಕೇಳುವುದು ಇಷ್ಟು: ಮಕ್ಕಳ ಖಾತೆಗೆ ತಾಯಿಯ ನಂಬರು ಕೊಡಿ, ಆ ಸಿಮ್ಮನ್ನು ಯಾವ ಕಾರಣಕ್ಕೂ ಸಾಯಲು ಬಿಡಬೇಡಿ. ಮಗಳ ಓದಿಗೆ ಬೇಕಾದ ನಂಬರು ಎಂದು ಹೇಳಿಯೇ ತಾಯಿಯ ಕೈಗೆ ಒಂದು ಫೋನ್ ಕೊಡಿಸಿ. ಕೀಪ್ಯಾಡಿನ ಸಾದಾ ಫೋನಾದರೂ ಓಟಿಪಿ ಬರುತ್ತದೆ. ಬ್ಯಾಂಕಿನ ವಿಷಯದಲ್ಲೂ ಒಂದು ಮಾತು. ಸ್ಕಾಲರ್‌ಶಿಪ್ ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಬ್ಯಾಂಕಿನಲ್ಲಿ ಖಾತೆಯಿದ್ದರೆ ಯಾವುದಕ್ಕೆ ಕೊನೆಯಲ್ಲಿ ಜೋಡಣೆ ಮಾಡಿಸಿದ್ದೀರೋ ಅದಕ್ಕೆ. ಹಣ ಬಂದಿಲ್ಲವೆಂದು ಜಗಳಕ್ಕೆ ಬರುವವರಲ್ಲಿ ಕೆಲವರ ಹಣ ಅವರದೇ ಮರೆತುಹೋದ ಇನ್ನೊಂದು ಖಾತೆಯಲ್ಲಿ ಕುಳಿತಿರುವುದನ್ನು ನಾನು ಕಂಡಿದ್ದೇನೆ.

ನನ್ನ ಸಹೋದ್ಯೋಗಿಗಳಿಗೆ ಬೇಕಾದ ವಿಷಯವೊಂದನ್ನೂ ಹೇಳಿಬಿಡುತ್ತೇನೆ. ಉರ್ದು ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ನಾವು ವರ್ಷಗಟ್ಟಲೆ ಇನ್‌ಪೇಜಿನ ಕಳ್ಳಪ್ರತಿಯನ್ನು ಪೆನ್ ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟಿಸಿದೆವು. ಜೊತೆಗೆ ವೈರಸ್ಸೂ ದಾಟಿತು. ಒಮ್ಮೆ ಪರೀಕ್ಷೆಯ ಹಿಂದಿನ ದಿನ ನನ್ನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕುಳಿತಿದ್ದವು. ಕೊನೆಗೆ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದೆ. ಈಗ ಆ ಹಂಗು ಬೇಕಿಲ್ಲ. ನೋಟೋ ನಸ್ತಾಲೀಖ್ ಉರ್ದು ಎಂಬ ಯೂನಿಕೋಡ್ ಅಕ್ಷರ ಉಚಿತವಾಗಿ ಸಿಗುತ್ತದೆ, ಕನ್ನಡಕ್ಕಂತೂ ಯೂನಿಕೋಡ್ ಅಕ್ಷರಗಳು ಬೇಕಾದಷ್ಟಿವೆ. ಲ್ಯಾಬಿನ ಹಳೆಯ ಕಂಪ್ಯೂಟರುಗಳ ಕಡೆಯೂ ಒಮ್ಮೆ ನೋಡಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಕಂಪನಿಯ ಸಾಮಾನ್ಯ ಬೆಂಬಲ ನಿಂತಿದೆ. ಅಂಥ ಯಂತ್ರದಲ್ಲಿ ಮಕ್ಕಳು ಚಿತ್ರ ಬಿಡಿಸಲಿ, ಟೈಪಿಂಗ್ ಕಲಿಯಲಿ, ಬ್ಯಾಂಕಿನ ಕೆಲಸ ಬೇಡ.

ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಬೈಯುತ್ತಾರೆ ಎಂದು ಮಕ್ಕಳು, ಮಗ ನಗುತ್ತಾನೆ ಎಂದು ತಾಯಂದಿರು ಎರಡು ದಿನ ಮುಚ್ಚಿಟ್ಟರೆ ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ದಯವಿಟ್ಟು ಬೈಯಬೇಡಿ, ನಗಬೇಡಿ, ಮೊದಲು ಕರೆ ಮಾಡಿ.

ಮಂಡಕಳ್ಳಿ ಎಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ. ಅಲ್ಲಿ ಒಳಗೆ ಹೋಗುವವರ ಗುರುತಿನ ಚೀಟಿ ನೋಡುತ್ತಾರೆ, ಚೀಲ ತಪಾಸಣೆ ಮಾಡುತ್ತಾರೆ, ಯಾರೂ ಬೇಸರಿಸುವುದಿಲ್ಲ. ನಮ್ಮ ಮನೆಯ ಟ್ರಂಕಿನ ತಪಾಸಣೆಯನ್ನು ನಾವೇ ಮಾಡಿಕೊಳ್ಳಬೇಕಷ್ಟೆ. ಅದಕ್ಕಾಗಿ ಸಂಘದವರು ಬರುವ ಎರಡು ಭಾನುವಾರ ಬೆಳಿಗ್ಗೆ ಹತ್ತರಿಂದ ಇಲ್ಲೇ ಮೇಜು ಹಾಕುತ್ತಿದ್ದಾರೆ. ತಾಯಂದಿರು ಫೋನು, ಆಧಾರ್, ಪಾಸ್ ಪುಸ್ತಕ ಮತ್ತು ಒಂದು ನೋಟ್ ಬುಕ್ ತನ್ನಿ. ಯಾವ ಮಗುವಿನ ಖಾತೆಯಲ್ಲಿ ಯಾರ ನಂಬರಿದೆ ಎಂದು ಒಟ್ಟಿಗೆ ನೋಡೋಣ. ಅಂಗಡಿಯವನದೋ, ಟೀಚರದೋ ಇದ್ದರೆ ಅರ್ಜಿಯ ಗಡುವು ಬರುವ ಮೊದಲೇ ಬದಲಾಯಿಸೋಣ. ಪಿಯುಸಿ ಓದುವ ನಾಲ್ವರು ಹುಡುಗಿಯರು ಸಹಾಯಕ್ಕೆ ಒಪ್ಪಿದ್ದಾರೆ. ನಾನೂ ಇರುತ್ತೇನೆ. ಓಟಿಪಿ ಬಂದಾಗ ನನಗೆ ಓದಿ ಹೇಳಬೇಡಿ, ನೀವೇ ಒತ್ತಿ. ಕನ್ನಡಕ ಮರೆಯದೆ ತನ್ನಿ.