ಹಲಗೆಯಿಂದ ಜಾರಿದ ಹಮಾಲಿ ಮತ್ತು ನಮ್ಮ ಚಂದಾ



'ಹಮಾಲಿ' ಅರಬಿ ಮೂಲದ ಶಬ್ದ. ಹಮ್ಮಾಲ್ ಎಂದರೆ ಹೊರುವವನು. ಮದ್ರಸಾದಲ್ಲಿ ಆ ಧಾತುವಿನ ರೂಪಗಳನ್ನು ಕಂಠಪಾಠ ಮಾಡುತ್ತಿದ್ದಾಗ ಹೊರುವವನ ಬೆನ್ನಿನ ಬಗ್ಗೆ ನಾನು ಯೋಚಿಸಿರಲಿಲ್ಲ.

ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ಬರುವ ಭತ್ತದ ಚೀಲ ಸಾಮಾನ್ಯವಾಗಿ 75 ಕಿಲೋ. ಪುರುಷನೊಬ್ಬ ಹೊರುವ ಭಾರವನ್ನು 55 ಕಿಲೋಗೆ ಇಳಿಸಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಆ ಚೀಲ ಹೊತ್ತವನು ಕಟ್ಟೆಯಿಂದ ಲಾರಿಗೆ ಚಾಚಿದ ಹಲಗೆಯ ಮೇಲೆ ನಡೆಯುತ್ತಾನೆ. ಕೈಗಳೆರಡೂ ಚೀಲದ ಮೇಲೆ; ಕಾಲಡಿ ಕಾಣುವುದಿಲ್ಲ. ಹಲಗೆ ಮಳೆಗೆ ನೆನೆದಿದ್ದರೆ ಅಥವಾ ಲಾರಿ ತುಸು ಸರಿದರೆ ಮುಗಿಯಿತು. ಬಿದ್ದವನ ಮೇಲೆಯೇ ಚೀಲವೂ ಬೀಳುತ್ತದೆ. ಸಂಡೂರಿನಲ್ಲಿ ಅದಿರನ್ನು ಯಂತ್ರಗಳು ತುಂಬುತ್ತವೆ, ನಿಜ. ಆದರೆ ತುಂಬಿದ ಲಾರಿಯ ಮೇಲೇರಿ ತಾಡಪಾಲು ಬಿಗಿಯುವವನು ಮನುಷ್ಯನೇ. ಹಗ್ಗ ಕಿತ್ತರೆ ಹಿಮ್ಮುಖವಾಗಿ ನೆಲಕ್ಕೆ.

ಇಂಥ ಸುದ್ದಿ ಬಂದಾಗ ಜುಮಾದ ಬಳಿಕ ನಾವು ಚಂದಾ ಎತ್ತುತ್ತೇವೆ. ಎತ್ತಲೇಬೇಕು. ಮಾಲೀಕರು ಆಸ್ಪತ್ರೆಯ ಬಿಲ್ಲಿಗೆ ಒಂದಿಷ್ಟು ಕೊಡುತ್ತಾರೆ, ಹಿರಿಯರು ರಾಜಿ ಮಾಡಿಸುತ್ತಾರೆ, ಎಲ್ಲರೂ ಅವರ ಔದಾರ್ಯವನ್ನು ಹೊಗಳಿ ಮನೆಗೆ ತೆರಳುತ್ತಾರೆ. ಈ ರಾಜಿಯ ಬಗ್ಗೆಯೇ ನನ್ನ ತಕರಾರು. ಕಾರ್ಮಿಕನ ಪರಿಹಾರಕ್ಕೆ 1923ರ ಕಾಯಿದೆಯಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಾಗಿಲ್ಲ. ಗಾಯವು ಕೆಲಸದ ವೇಳೆ, ಕೆಲಸದಿಂದಾಗಿ ಆದದ್ದೆಂದು ತೋರಿಸಬೇಕು. ಗುತ್ತಿಗೆದಾರ ಕರೆತಂದವನೆಂದು ಗಿರಣಿಯವರು ಕೈತೊಳೆದುಕೊಳ್ಳುವಂತಿಲ್ಲ. ಇಎಸ್‌ಐ ಇದ್ದವರಿಗೆ ಸವಲತ್ತು ಅದರ ಮೂಲಕವೇ ಸಲ್ಲುತ್ತದೆ. ಇಲ್ಲದವನು ಮೃತಪಟ್ಟರೆ ಮಾಸಿಕ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಮೂವತ್ತರ ಪ್ರಾಯದವನಿಗೆ ಆ ಗುಣಕ 200ಕ್ಕೂ ಹೆಚ್ಚು. ಕೂಲಿ 12,000 ರೂಪಾಯಿ ಎಂದಿಟ್ಟುಕೊಂಡರೂ ಮೊತ್ತ 12 ಲಕ್ಷ ದಾಟುತ್ತದೆ. ರಾಜಿ ಮಾಡಿಸುವವರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಿದ್ದಾರೆಯೇ?

ಕಷ್ಟವಿರುವುದು ಪುರಾವೆಯಲ್ಲಿ. ಕೂಲಿ ಚೀಲದ ಲೆಕ್ಕದಲ್ಲಿ ಕೈಗೆ ಬರುತ್ತದೆ, ಚೀಟಿಯಿರುವುದಿಲ್ಲ. ಎಪಿಎಂಸಿ ಪ್ರಾಂಗಣದ ಹಮಾಲಿಗೆ ಲೈಸೆನ್ಸಾದರೂ ಇರುತ್ತದೆ. ಹೊರಗಿನವನಿಗೆ ಅದೂ ಇಲ್ಲ. ಧಣಿಗೆ ತೊಂದರೆಯಾಗದಿರಲೆಂದು ಆಸ್ಪತ್ರೆಯಲ್ಲಿ 'ಮನೆಯಲ್ಲಿ ಬಿದ್ದೆ' ಎಂದು ಬರೆಸಿದರೆ ದಾವೆ ಅಲ್ಲಿಗೇ ಅರ್ಧ ಸತ್ತಂತೆ. ಸಹೋದರಿಯರೇ, ಆಸ್ಪತ್ರೆಗೆ ಮೊದಲು ಓಡುವವರು ನೀವು. ಎಲ್ಲಿ, ಯಾರ ಕೆಲಸದಲ್ಲಿ, ಎಷ್ಟು ಗಂಟೆಗೆ ಬಿದ್ದರೆಂಬುದನ್ನು ಇದ್ದಂತೆಯೇ ಬರೆಸಿ. ಜೊತೆಗೆ ಚೀಲ ಹೊರುತ್ತಿದ್ದ ಇಬ್ಬರ ಹೆಸರನ್ನು ಅಂದೇ ಗುರುತು ಹಾಕಿಕೊಳ್ಳಿ. ಇನ್ನೊಂದು ಮಾತು: ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ಅರ್ಜಿ ಹಿಡಿದು ಹೊರಡುವ ಮುನ್ನ ಯಾವ ಜಿಲ್ಲೆಯ ಕಚೇರಿ ಎಂದು ವಿಚಾರಿಸಿಕೊಳ್ಳಿ.