ಕಾಳಿಯ ನೀರು, ಅಳತೆಯ ಮಿತಿ



 ವಿಕಿರಣ, ಅರ್ಧಾಯು ಇವೆಲ್ಲ ಪಠ್ಯಪುಸ್ತಕಗಳಲ್ಲೇ ಇವೆ, ಇಲ್ಲಿ ಒಪ್ಪಿಸುವುದಿಲ್ಲ. ಉಸ್ತುವಾರಿಯ ಚೌಕಟ್ಟನ್ನೂ ಬೇಗ ಮುಗಿಸುತ್ತೇನೆ. ಕಾಳಿ ನದಿಯ ದಡದ ಕೈಗಾ ಅಣುವಿದ್ಯುತ್ ಸ್ಥಾವರವನ್ನು ನಡೆಸುವುದು ಭಾರತೀಯ ಅಣುವಿದ್ಯುತ್ ನಿಗಮ, ಅಂದರೆ ಎನ್‌ಪಿಸಿಐಎಲ್. ಸುತ್ತಲಿನ ನೀರು, ಮಣ್ಣು, ಹಾಲು, ಮೀನುಗಳನ್ನು ಅಳೆಯುವುದು ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ. ಇವುಗಳ ಮೇಲೆ ಕಣ್ಣಿಡಬೇಕಾದದ್ದು 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿ. ಮಂಡಳಿ ಸರ್ಕಾರದ ಅಧೀನದಲ್ಲೇ ಉಳಿದಿದೆ ಎಂದು ಮಹಾಲೇಖಪಾಲರು 2012ರಲ್ಲೇ ಬರೆದರು. ಅದರ ಸ್ವಾಯತ್ತತೆಯ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಇರುವುದು ಪ್ರಯೋಗಾಲಯದ ವರದಿಯ ಕೋಷ್ಟಕದೊಳಗೆ.

ಅಲ್ಲಿ ಸಾಲುಸಾಲಾಗಿ ಕಾಣುವುದು ‘ಬಿಡಿಎಲ್’, ಅಂದರೆ ಪತ್ತೆಮಿತಿಗಿಂತ ಕಡಿಮೆ. ಓದುವವರು ಅದನ್ನು ಸೊನ್ನೆ ಎಂದುಕೊಳ್ಳುತ್ತಾರೆ. ಕೈಗಾದಂಥ ಭಾರಜಲದ ರಿಯಾಕ್ಟರುಗಳಲ್ಲಿ ಹುಟ್ಟುವ ಟ್ರಿಟಿಯಂ ಅನ್ನೇ ನೋಡಿ. ಅದರ ಬೀಟಾ ಕಣ ಎಷ್ಟು ದುರ್ಬಲವೆಂದರೆ ಗೈಗರ್ ಕೌಂಟರಿಗೆ ಸಿಗುವುದೇ ಇಲ್ಲ. ನೀರನ್ನು ಮಿನುಗು ದ್ರವದಲ್ಲಿ ಬೆರೆಸಿ ಎಣಿಸಬೇಕು. 8 ಮಿಲಿಲೀಟರ್ ನೀರು, ಉಪಕರಣದ ದಕ್ಷತೆ ನೂರಕ್ಕೆ 25, ಹಿನ್ನೆಲೆ ನಿಮಿಷಕ್ಕೆ 20 ಎಣಿಕೆ ಎಂದಿಟ್ಟುಕೊಳ್ಳಿ. ಲಾಯ್ಡ್ ಕ್ಯೂರಿ 1968ರಲ್ಲಿ ಕೊಟ್ಟ ಸೂತ್ರದಂತೆ 20 ನಿಮಿಷ ಎಣಿಸಿದರೆ ಪತ್ತೆಮಿತಿ ಲೀಟರಿಗೆ ಸುಮಾರು 40 ಬೆಕ್ವೆರೆಲ್. 200 ನಿಮಿಷ ಎಣಿಸಿದರೆ ಸುಮಾರು 12. ಲೀಟರಿಗೆ 25 ಬೆಕ್ವೆರೆಲ್ ಇರುವ ನೀರು ಮೊದಲ ಎಣಿಕೆಯಲ್ಲಿ ಬಿಡಿಎಲ್, ಎರಡನೆಯದರಲ್ಲಿ ಸ್ಪಷ್ಟ ಅಂಕಿ. ಸ್ಥಾವರ ಅದೇ, ನೀರೂ ಅದೇ. ಬದಲಾದದ್ದು ಎಣಿಸುವವರ ತಾಳ್ಮೆ. ಏಕಮಾನ ಬರೆಯದ ಉತ್ತರಕ್ಕೆ ಅಂಕವನ್ನೇ ಕೊಡದಿದ್ದ ನಮ್ಮ ಮೇಷ್ಟ್ರು, ಮಿತಿ ಎಷ್ಟೆಂದು ಹೇಳದ ಬಿಡಿಎಲ್ಲಿಗೆ ಎಷ್ಟು ಕೊಡುತ್ತಿದ್ದರೋ!

ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿ ಟ್ರಿಟಿಯಂಗೆ ಲೀಟರಿಗೆ 10,000 ಬೆಕ್ವೆರೆಲ್ ಇದೆಯಲ್ಲ, 40, 12 ಎಂದು ಯಾಕೆ ಜಗ್ಗಾಡುತ್ತೀರಿ ಎಂದು ಅಣುಶಕ್ತಿ ಇಲಾಖೆಯ ಸ್ನೇಹಿತರು ಕೇಳುತ್ತಾರೆ. 40 ಬೆಕ್ವೆರೆಲ್ ಅಪಾಯ ಎಂದು ನಾನು ಎಂದೂ ಹೇಳಿಲ್ಲ. ಆದರೆ ಅಪಾಯ ಬಂದ ಮೇಲೆ ತಿಳಿಸಲು ಇಷ್ಟು ದೊಡ್ಡ ವ್ಯವಸ್ಥೆ ಬೇಕೆ? ಸ್ಥಾವರದ ಪಕ್ಕದ ಕದ್ರಾ ಜಲಾಶಯದ ನೀರಿನಲ್ಲಿ ಟ್ರಿಟಿಯಂ 13ರಿಂದ 39ಕ್ಕೆ ಏರಿತು ಅನ್ನಿ. ಮೂರು ಪಟ್ಟು ಏರಿಕೆ, 20 ನಿಮಿಷದ ಎಣಿಕೆಯ ಕೋಷ್ಟಕದಲ್ಲಿ ಮಾತ್ರ ಎರಡು ಸಲವೂ ಬಿಡಿಎಲ್. ವಾರ್ಷಿಕ ಸರಾಸರಿಗೆ ಬಂದರೆ ಬಿಡಿಎಲ್ ಅನ್ನು ಒಬ್ಬರು ಸೊನ್ನೆ ಎಂದು ಹಿಡಿಯುತ್ತಾರೆ, ಇನ್ನೊಬ್ಬರು ಮಿತಿಯ ಅರ್ಧ, ಮತ್ತೊಬ್ಬರು ಪೂರ್ತಿ ಮಿತಿ. ಹೀಗೆ ಬಂದ ಸರಾಸರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ವಿಜ್ಞಾನವಲ್ಲ.

ಅಂಕಿ ಕಂಡ ಕೂಡಲೇ ವಿಷ ಎಂದು ಕೂಗುವವರ ಜೊತೆಗೂ ನಾನಿಲ್ಲ. ಕಾಸ್ಮಿಕ್ ಕಿರಣಗಳಿಂದ ಮೇಲಿನ ವಾತಾವರಣದಲ್ಲೇ ಟ್ರಿಟಿಯಂ ಹುಟ್ಟುತ್ತದೆ, ಮಳೆನೀರಿನಲ್ಲೂ ಇದೆ. ಉಳ್ಳಾಲದ ಮೊನಜೈಟ್ ಮರಳಿನ ಸಹಜ ವಿಕಿರಣಕ್ಕಂತೂ ಯಾವ ಸ್ಥಾವರವೂ ಕಾರಣವಲ್ಲ. ನಿಜ ಹೇಳಬೇಕೆಂದರೆ ಅಧಿಕಾರಿಗಳು ಅಂಕಿ ಕೊಡಲು ಅಂಜುವುದಕ್ಕೆ ಈ ಕೂಗಾಟವೂ ಒಂದು ಕಾರಣ.

ಎನ್‌ಎಬಿಎಲ್ ಎಂಬ ಪ್ರಯೋಗಾಲಯ ಮಾನ್ಯತಾ ಮಂಡಳಿಯ ಮಾನ್ಯತೆ ಇದ್ದರೆ ಸಾಕು ಎಂಬುದು ಇನ್ನೊಂದು ವಾದ; ನನಗೆ ಅತ್ಯಂತ ದುರ್ಬಲವಾಗಿ ಕಾಣುವುದೂ ಅದೇ. ಪ್ರಮಾಣಪತ್ರ ಸಾಮರ್ಥ್ಯಕ್ಕೆ ಸಾಕ್ಷಿ, ಈ ಮಂಗಳವಾರದ ಬಾಟಲಿಗೆ ಅಲ್ಲ. ಮೌಲ್ಯ ಬಚ್ಚಿಟ್ಟ ಮಾದರಿಗಳನ್ನು ಪ್ರಯೋಗಾಲಯಗಳಿಗೆ ಕಳಿಸಿ ಪರೀಕ್ಷಿಸುವ ಕೆಲಸವನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮಾಡುತ್ತಲೇ ಇದೆ. ಅದನ್ನೇ ಮಂಡಳಿ ಇಲ್ಲಿ ನಿಯಮ ಮಾಡಲಿ. ಕಾಳಿಯ ಮಾದರಿಯಲ್ಲಿ ಅರ್ಧ ಪಾಲು ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೋಗಲಿ. ಪರಿಸರ ವಿಕಿರಣದ ಅಧ್ಯಯನದಲ್ಲಿ ಅಲ್ಲಿನವರು ಪಳಗಿದವರು. ಪ್ರತಿ ಬಿಡಿಎಲ್ ಪಕ್ಕದಲ್ಲಿ ಮಿತಿ, ಎಣಿಸಿದ ಅವಧಿ, ಅನಿಶ್ಚಿತತೆ ಅಚ್ಚಾಗಲಿ. ಇದಕ್ಕೆ ಹೊಸ ಕಾನೂನು ಬೇಡ, ಮಂಡಳಿಯ ಒಂದು ಸುತ್ತೋಲೆ ಸಾಕು.