ಶಿಡ್ಲಘಟ್ಟದ ನೂಲಿಗೆ ಸಲ್ಲಬೇಕಾದ ಹೆಸರು



ಕಾಂಚೀಪುರ ಹಾಗೂ ಧರ್ಮಾವರದ ಸೀರೆಗಳಿಗೆ ದೇಶದಾದ್ಯಂತ ಹೆಸರಿದೆ. ಆ ಊರುಗಳ ಮಗ್ಗಗಳಿಗೆ ಹೋಗುವ ನೂಲಿನಲ್ಲಿ ಶಿಡ್ಲಘಟ್ಟದ ಪಾಲೂ ಇದೆ. ರಾಜ್ಯದ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ರಾಮನಗರದ ನಂತರ ಮೊದಲು ನೆನಪಾಗುವುದು ಶಿಡ್ಲಘಟ್ಟವೇ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ತಾಲ್ಲೂಕುಗಳ ರೈತರೂ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಾರೆ. ಆದರೆ ಗೂಡು ನೂಲಾಗಿ ಊರಿನ ಎಲ್ಲೆ ದಾಟಿದೊಡನೆ ಅದರ ಹುಟ್ಟೂರಿನ ಗುರುತು ಅಳಿಸಿಹೋಗುತ್ತದೆ. ಸೀರೆ ಉಡುವವರಿಗೆ ನೇಯ್ದ ಊರು ಗೊತ್ತು. ನೂಲಿನ ಊರು ಗೊತ್ತಿಲ್ಲ.

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಗೂಡಿನ ದರ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ಹೆಸರಿಲ್ಲದ ಸರಕನ್ನು ಕೊಳ್ಳುವವನು ದರವೊಂದನ್ನೇ ಕೇಳುತ್ತಾನೆ. ಚೀನಾದ ನೂಲು ಅಗ್ಗವಾದರೆ ಅದನ್ನು ಕೊಳ್ಳುತ್ತಾನೆ. ಹೆಸರುಳ್ಳ ಸರಕಿಗೆ ಇಂತಹ ಗಾಳಿಯಲ್ಲಿ ಸ್ವಲ್ಪವಾದರೂ ಆಸರೆಯಿರುತ್ತದೆ.

ಹಾಗಾದರೆ ಹೆಸರು ಬೆಳೆಯುವುದು ಹೇಗೆ? ಮೈಸೂರು ರೇಷ್ಮೆಯನ್ನೇ ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ಆರಂಭವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. 2005ರಲ್ಲಿ ‘ಮೈಸೂರು ರೇಷ್ಮೆ’ಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಿಗಮದ ಪ್ರತಿ ಸೀರೆಯ ಮೇಲೂ ಒಂದು ಸಂಖ್ಯೆ ಇರುತ್ತದೆ. ನೂಲು ತೆಗೆಯುವವರು, ಹುರಿ ಮಾಡುವವರು, ಬಣ್ಣ ಹಾಕುವವರು, ವಿನ್ಯಾಸ ಬಿಡಿಸುವವರು, ನೇಯುವವರು ಒಂದೇ ವ್ಯವಸ್ಥೆಯೊಳಗೆ ದುಡಿದುದರ ಫಲವಾಗಿ ಆ ಸಂಖ್ಯೆಗೆ ಬೆಲೆ ಬಂದಿದೆ. ಇವರಲ್ಲಿ ಒಬ್ಬರು ಸೋತರೂ ಸೀರೆ ಸೋಲುತ್ತದೆ.

ಇನ್ನೊಂದು ನಿದರ್ಶನ ಗುಜರಾತಿನ ಆನಂದದ್ದು. ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘ 1946ರಲ್ಲಿ ಹುಟ್ಟಿತು. ಅದರ ಅಮುಲ್ ಬೆಣ್ಣೆಗಾಗಿ 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಅವರ ತಂಡ, ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ಅವರ ಕುಂಚದಿಂದ, ಚುಕ್ಕಿ ಲಂಗದ ಪುಟ್ಟ ಹುಡುಗಿಯನ್ನು ರೂಪಿಸಿತು. ವರ್ಗೀಸ್ ಕುರಿಯನ್ ಆ ತಂಡವನ್ನು ನಂಬಿದರು; ಪ್ರತಿಯೊಂದು ಫಲಕಕ್ಕೂ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆ ಹಾಕಲಿಲ್ಲ. ಬರೆಯುವವರಿಗೂ ಚಿತ್ರ ಬಿಡಿಸುವವರಿಗೂ ದೊರೆತ ಈ ಸ್ವಾತಂತ್ರ್ಯದಿಂದ ಆ ಹುಡುಗಿ ದಶಕಗಳ ಕಾಲ ಜನರ ನಾಲಿಗೆಯ ಮೇಲೆ ಉಳಿದಳು. ಆದರೆ ಫಲಕದ ಹಿಂದೆ ಹಳ್ಳಿಯ ಡೇರಿ ಇತ್ತು. ದಿನವೂ ಹಾಲಿನ ಕೊಬ್ಬನ್ನು ಪರೀಕ್ಷಿಸುವ ಆ ಶಿಸ್ತು ‘ನಂದಿನಿ’ಗೆ ಹಾಲು ಹಾಕುವ ಈ ಜಿಲ್ಲೆಯ ಪ್ರತಿ ಮನೆಗೂ ಪರಿಚಿತ. ಚಿತ್ರವು ಮಾತು ಕೊಟ್ಟಿತು, ಡೇರಿ ಆ ಮಾತನ್ನು ಉಳಿಸಿತು.

ಶಿಡ್ಲಘಟ್ಟದ ನೂಲಿಗೆ ಬೇಕಾಗಿರುವುದೂ ಅಂತಹ ಕೂಡುತಂಡವೇ. ಎಂಟು ಹತ್ತು ಗೂಡುಗಳ ಎಳೆಗಳು ಕೂಡಿದಾಗ ಮಾತ್ರ ಒಂದು ನೂಲಾಗುತ್ತದೆ ಎಂಬುದನ್ನು ರೀಲರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಂಡದಲ್ಲಿ ಚಾಕಿ ಸಾಕುವವರು, ಚಂದ್ರಿಕೆಗೆ ಹಣ್ಣುಹುಳು ಬಿಡುವ ಹೆಣ್ಣುಮಕ್ಕಳು, ರೀಲರುಗಳು, ನೇಕಾರರು ಇರಬೇಕು. ಚಿಂತಾಮಣಿಯಲ್ಲಿ ರೇಷ್ಮೆಕೃಷಿ ಓದಿದ ಯುವಕರು ನೂಲಿನ ಸಮತೆ, ಬಲಗಳ ಲೆಕ್ಕ ಇಡಬಹುದು. ಚಿತ್ರ ಬಲ್ಲವರು ನಂದಿಯ ಭೋಗನಂದೀಶ್ವರ ದೇಗುಲದ ಕಲ್ಲಿನ ಬಳ್ಳಿಗಳಿಂದ ಅಂಚಿನ ವಿನ್ಯಾಸ ತೆಗೆಯಬಹುದು. ಕನ್ನಡ ಬಲ್ಲ ವಿದ್ಯಾರ್ಥಿ ಪ್ರತಿ ಲಡಿಗೂ ಒಂದು ಚೀಟಿ ಬರೆಯಬಹುದು: ಯಾವ ಊರಿನ ಗೂಡು, ಯಾವ ತಳಿ, ಯಾವ ತಿಂಗಳ ಬೆಳೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿ ‘ಇದು ಶುದ್ಧ ರೇಷ್ಮೆ’ ಎನ್ನುತ್ತದೆ. ಊರಿನ ಚೀಟಿ ಅದರ ಜೊತೆಗೆ ‘ಇದು ಇಂಥವರ ದುಡಿಮೆ’ ಎನ್ನಬೇಕು. ಹುಳುಮನೆಯ ಹೊಸ್ತಿಲು ತುಳಿಯದೆ ನಗರದಲ್ಲಿ ಕುಳಿತು ಬರೆದ ಜಾಹೀರಾತಿಗೆ ಇದು ಸಾಧ್ಯವಿಲ್ಲ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಹೆಸರು ಬೆಳೆದರೆ ಬೇಡಿಕೆ ಬೆಳೆಯುತ್ತದೆ. ಬೇಡಿಕೆಯ ಹಿಂದೆಯೇ ಹೊಸ ಕೊಳವೆಬಾವಿ ಬರುತ್ತದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಜಿಲ್ಲೆ ಇದು. ಉತ್ತರ ಪಿನಾಕಿನಿಯ ಮೂಲ ನಂದಿಬೆಟ್ಟಗಳ ಸಾಲಿನಲ್ಲಿದ್ದರೂ ಗೌರಿಬಿದನೂರಿನಲ್ಲಿ ಅದರ ಪಾತ್ರ ಬಹುಕಾಲ ಒಣಗಿರುತ್ತದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಆದ್ದರಿಂದ ತಂಡದಲ್ಲಿ ನೀರನ್ನು ಅಳೆಯುವವರೊಬ್ಬರು ಇರಲೇಬೇಕು. ಹನಿ ನೀರಾವರಿ, ಸಾಲುಗಳ ನಡುವೆ ಹಸಿರೆಲೆ ಗೊಬ್ಬರ, ಮಳೆನೀರು ಇಂಗಿಸುವ ಗುಂಡಿಗಳೂ ಚೀಟಿಯ ಮಾತಿನೊಳಗೆ ಸೇರಬೇಕು.

ರೇಷ್ಮೆಹುಳು ಸುಳ್ಳನ್ನು ಸಹಿಸದ ಜೀವಿ. ನೆರೆಯ ದ್ರಾಕ್ಷಿ ಅಥವಾ ತರಕಾರಿ ತೋಟಕ್ಕೆ ಸಿಂಪಡಿಸಿದ ಕೀಟನಾಶಕ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಮೇಲೆ ಕುಳಿತರೆ, ಆ ಸೊಪ್ಪು ತಿಂದ ಹುಳು ಸಾಯುತ್ತದೆ. ಅಂದರೆ ಹುಳು ಸಾಕದ ನೆರೆಯ ರೈತನನ್ನೂ ತಂಡದೊಳಗೆ ಕರೆದುಕೊಳ್ಳದೆ ಈ ನೂಲಿಗೆ ಹೆಸರು ಉಳಿಯದು. ಮಣ್ಣು, ನೀರು, ನೆರೆಹೊರೆ ಮೂರೂ ಚೆನ್ನಾಗಿದ್ದಲ್ಲಿ ಮಾತ್ರ ಹುಳು ಗೂಡು ಕಟ್ಟುತ್ತದೆ. ಬರೆಯುವವರಿಗೂ ಬಿಡಿಸುವವರಿಗೂ ಇದಕ್ಕಿಂತ ಒಳ್ಳೆಯ ವಸ್ತು ಬೇರೆ ಬೇಕಿಲ್ಲ.

ಒಂದು ಹಳ್ಳಿ, ಹತ್ತು ಮನೆ, ಒಂದು ಬೆಳೆಯ ಗೂಡು, ಒಂದಿಷ್ಟು ಲಡಿ ನೂಲು: ಆರಂಭಕ್ಕೆ ಇಷ್ಟು ಸಾಕು. ಮೊದಲ ಚೀಟಿಯಲ್ಲಿ ಬರೆದುದೆಲ್ಲವೂ ನಿಜವಾಗಿದ್ದರೆ ಎರಡನೆಯದನ್ನು ಕೊಳ್ಳುವವನೇ ಕೇಳಿಕೊಂಡು ಬರುತ್ತಾನೆ.